ಎರಡು ವರ್ಷಕ್ಕೆ ಅಂತ ಬಂದವರು

ಹತ್ತು ವರ್ಷ ನನ್ನ ಒತ್ತಕ್ಷರಗಳನ್ನು ತಿದ್ದಿದ ಗುರುಗಳಿಗೆ, ಭಾನುವಾರ ಬೆಳಿಗ್ಗೆಯೂ ನಮ್ಮನ್ನು ಎಬ್ಬಿಸಿ ಇಲ್ಲಿಗೆ ಕರೆತಂದ ಅಪ್ಪ ಅಮ್ಮಂದಿರಿಗೆ ಮೊದಲು ವಂದನೆಗಳು.

ಇಲ್ಲಿ ಕೂತಿರುವ ದೊಡ್ಡವರಲ್ಲಿ ಎಷ್ಟು ಜನ "ಎರಡೇ ವರ್ಷ, ಆಮೇಲೆ ವಾಪಸ್ಸು" ಅಂತ ಹೇಳಿ ವಿಮಾನ ಹತ್ತಿದ್ದಿರಿ? ಕೈ ಎತ್ತಬೇಡಿ, ಊರಿನಿಂದ ಬಂದ ಅಜ್ಜಿಯಂದಿರು ನೋಡುತ್ತಿದ್ದಾರೆ.

ನಮ್ಮಪ್ಪನೂ ಹಾಗೆ ಹೇಳಿಯೇ ಬಂದದ್ದು. ಬೆಂಗಳೂರಿನಲ್ಲಿ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಕಾರು ಡೆಟ್ರಾಯ್ಟಿನದು, ಆದ್ದರಿಂದ ಅಪ್ಪನೂ ಡೆಟ್ರಾಯ್ಟಿಗೆ. ನನಗಾಗ ನಾಲ್ಕು ವರ್ಷ. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಬಾಡಿಗೆ ಮನೆ ಹಿಡಿದಾಗ ಅಮ್ಮ ಮಂಚ ಕೊಳ್ಳಲಿಲ್ಲವಂತೆ. ಎರಡು ವರ್ಷಕ್ಕೆ ಹಾಸಿಗೆ ಸಾಕು ಅಂತ. ನನ್ನನ್ನು ಕನ್ನಡ ಶಾಲೆಗೆ ಸೇರಿಸಿದ್ದೂ ಅದೇ ಲೆಕ್ಕದಲ್ಲಿ: ವಾಪಸ್ಸು ಹೋದಮೇಲೆ ಅಲ್ಲಿಯ ಶಾಲೆಯಲ್ಲಿ ಹಿಂದೆ ಬೀಳಬಾರದಲ್ಲ. ಈಗ 12 ವರ್ಷವಾಯಿತು. ಮಂಚ ಬಂದಿದೆ.

ಅಪ್ಪನ ಎಚ್-1ಬಿ ವೀಸಾ ಒಂದು ಸಲಕ್ಕೆ ಮೂರು ವರ್ಷ, ಒಟ್ಟು ಆರು. ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಮುಂದಕ್ಕೂ ವಿಸ್ತರಿಸುತ್ತಾರೆ. ಆದರೆ ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಕಾರ್ಡು ಕೊಡುವಂತಿಲ್ಲ. ಹಾಗಾಗಿ ಭಾರತದವರ ಸಾಲು ಬಹಳ ಉದ್ದ. ಯಾವ ದಿನಾಂಕದವರ ಸರದಿ ಬಂತು ಎಂದು ಸರ್ಕಾರ ಪ್ರತಿ ತಿಂಗಳು ಪ್ರಕಟಿಸುತ್ತದೆ. ಅಮ್ಮ ಅದನ್ನು ಪಂಚಾಂಗದ ಹಾಗೆ ನೋಡುತ್ತಾರೆ.

ನನ್ನದು ಎಚ್-4. ಗೆಳತಿಯರು ಬೇಸಿಗೆ ರಜದಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲಿ ದುಡಿಯುತ್ತಾರೆ, ನಾನು ದುಡಿಯುವಂತಿಲ್ಲ. ಅದು ದೊಡ್ಡ ವಿಷಯವಲ್ಲ, ಐಸ್‌ಕ್ರೀಮ್ ತಿನ್ನಲು ವೀಸಾ ಬೇಡ. ದೊಡ್ಡ ವಿಷಯವೆಂದರೆ ಎಚ್-4 ನನಗೆ 21 ತುಂಬುವವರೆಗೆ ಮಾತ್ರ. ಅಷ್ಟರಲ್ಲಿ ನಮ್ಮ ಸರದಿ ಬರದಿದ್ದರೆ ನಾನು ವಿದ್ಯಾರ್ಥಿ ವೀಸಾದಂಥ ಬೇರೆ ದಾರಿ ಹುಡುಕಬೇಕು, ಇಲ್ಲವೇ ಹೊರಡಬೇಕು. ವಾಪಸ್ಸು ಹೋಗುವುದೆಂದರೆ ನಾಲ್ವರೂ ಒಟ್ಟಿಗೆ ಅಂತಲೇ ನಾನು ತಿಳಿದಿದ್ದೆ. ಕಾಗದದ ಪ್ರಕಾರ ನಾನೊಬ್ಬಳೇ ಹೋಗಬೇಕಾಗಬಹುದು. ತಂಗಿ ಇಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ. ನಮ್ಮಿಬ್ಬರ ಪಾಸ್‌ಪೋರ್ಟೂ ನೀಲಿಯೇ, ಒಳಗಿನ ಬರಹ ಬೇರೆ.

ನಮ್ಮೂರಿನಲ್ಲಿ ಇರಾಕಿನಿಂದ ಬಂದ ಕಾಲ್ಡಿಯನ್ ಕುಟುಂಬಗಳು ಬಹಳ. ನನ್ನ ಜೊತೆ ಊಟಕ್ಕೆ ಕೂರುವ ಹುಡುಗಿ ಹಾಗೆ ನಿರಾಶ್ರಿತಳಾಗಿ ಬಂದವಳು, ಈಗ ಇಲ್ಲಿಯ ಪ್ರಜೆ. ಅವಳಿಗೆ ಹಿಂತಿರುಗಲು ಮನೆಯಿಲ್ಲ. ನನಗೆ ಅರಸೀಕೆರೆಯಲ್ಲಿ ಅಜ್ಜಿ ಮನೆ ಇದೆ, ಇಲ್ಲಿ ಇರಲು ಮಾತ್ರ ತಾರೀಖು ಹಾಕಿದ್ದಾರೆ. ಯಾರ ಕಷ್ಟ ದೊಡ್ಡದು ಅಂತ ಅಳೆಯುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಅವಳದ್ದೇ ದೊಡ್ಡದು ಅಂತ ನನಗೆ ಗೊತ್ತು.

ಹೋದ ವರ್ಷ ಊರಿಗೆ ಹೋಗಿದ್ದೆವು. ವೀಸಾ ಮುದ್ರೆಗೆ ಚೆನ್ನೈಗೆ ಓಡಾಡಿದ್ದರಲ್ಲೇ ಅರ್ಧ ರಜ ಮುಗಿಯಿತು. ಅರಸೀಕೆರೆ ಬಸ್ ನಿಲ್ದಾಣದಲ್ಲಿ ಅಜ್ಜಿಗೆ ಕಣ್ಣು ಮಂಜು, ಬೋರ್ಡು ಕಾಣದು. "ತಿಪಟೂರು ಬಸ್ಸು ಬಂತು ಅಜ್ಜಿ" ಅಂತ ನಾನೇ ಓದಿ ಹೇಳಿದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಮಾತು ಕೇಳಿ, "ಯಾವೂರಮ್ಮ ನಿಂದು?" ಅಂದರು. ನಾನು ಯೋಚಿಸುತ್ತಿದ್ದೆ, ಅಷ್ಟರಲ್ಲಿ ಅಜ್ಜಿ "ಇದೇ ಊರು ಕಣಮ್ಮ" ಅಂದುಬಿಟ್ಟರು.

ನನ್ನ 21ನೇ ವರ್ಷಕ್ಕೆ ಇನ್ನು ಐದು ವರ್ಷವಿದೆ. ಅಪ್ಪ "ಏನಾದರೂ ಆಗುತ್ತೆ ಬಿಡು" ಅನ್ನುತ್ತಾರೆ. ನಾನು ಮೈಸೂರಿನ ಕಾಲೇಜುಗಳನ್ನೂ ನೋಡಿಟ್ಟಿದ್ದೇನೆ, ಮಿಷಿಗನ್ನಿನವನ್ನೂ.

ಸೆಪ್ಟೆಂಬರಿನಿಂದ ಇದೇ ಶಾಲೆಯ ಶಿಶು ತರಗತಿಯಲ್ಲಿ ಸಹಾಯಕಿಯಾಗಿ ಬರುತ್ತೇನೆ. ತಂಗಿಯೂ ಅದೇ ತರಗತಿಗೆ ಸೇರುತ್ತಾಳೆ. ಅಲ್ಲಿ ನನ್ನನ್ನು ಅಕ್ಕ ಅನ್ನಬಾರದು, ಟೀಚರ್ ಅನ್ನಬೇಕು ಅಂತ ಹೇಳಿದ್ದೇನೆ. ಇನ್ನೂ ಒಪ್ಪಿಲ್ಲ.