ದೂರದ ಹಿಮ, ನಮ್ಮ ಕಡಲು
(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದೂ ಕೇಂದ್ರ ಸರ್ಕಾರದ ಕಡತಗಳ ನಡುವೆ 30 ವರ್ಷ ಕಳೆದವನು ನಾನು. ಮುಂಬಯಿಗೆ ವರ್ಗವಾಗಿ ಬಂದ ಮೇಲೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ: ಧ್ರುವದ ಹಿಮ ಕರಗಿದರೆ ಈ ಕಡಲಿಗೇನಾದೀತು?

ಲೋಟದಲ್ಲಿ ತೇಲುವ ಮಂಜುಗಡ್ಡೆ ಕರಗಿದರೆ ನೀರಿನ ಮಟ್ಟ ಏರುವುದಿಲ್ಲ. ಉತ್ತರ ಧ್ರುವಸಾಗರದ ತೇಲುವ ಹಿಮವೂ ಬಹುಮಟ್ಟಿಗೆ ಹಾಗೆಯೇ. ಅದರಿಂದಾಗುವ ಕೇಡು ಬೇರೆ ಬಗೆಯದು. ಬಿಳಿಯ ಹಿಮ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಅದು ಕರಗಿದೆಡೆ ತೆರೆದುಕೊಳ್ಳುವ ಕಪ್ಪುನೀರು ಶೇಕಡ 90ಕ್ಕೂ ಹೆಚ್ಚನ್ನು ಹೀರಿಕೊಳ್ಳುತ್ತದೆ. ತಾಪದಿಂದ ಹಿಮ ಕರಗುತ್ತದೆ, ಹಿಮ ಕರಗಿ ತಾಪ ಹೆಚ್ಚುತ್ತದೆ.

ಕಡಲನ್ನು ಏರಿಸುವುದು ನೆಲದ ಮೇಲಿನ ಹಿಮ. ಗ್ರೀನ್‌ಲ್ಯಾಂಡಿನದೆಲ್ಲ ಕರಗಿದರೆ ಜಗತ್ತಿನ ಕಡಲು ಸುಮಾರು 7 ಮೀಟರ್, ಅಂಟಾರ್ಕ್ಟಿಕದ್ದು ಕರಗಿದರೆ ಸುಮಾರು 58 ಮೀಟರ್ ಏರುತ್ತದೆ. ಅದಕ್ಕೆ ಶತಮಾನಗಳೇ ಹಿಡಿಯುತ್ತವೆ, ನಿಜ. ಆದರೂ 1901ರಿಂದ 2018ರೊಳಗೆ, ಹಿಮ ಕರಗಿದ್ದರಿಂದಲೂ ನೀರು ಕಾದು ಹಿಗ್ಗಿದ್ದರಿಂದಲೂ, ಕಡಲು ಸುಮಾರು 20 ಸೆಂಟಿಮೀಟರ್ ಏರಿದೆ. ಏರಿಕೆಯ ವೇಗವೂ ಹೆಚ್ಚುತ್ತಿದೆ.

ಗ್ರೀನ್‌ಲ್ಯಾಂಡಿನ ಸಿಹಿನೀರು ಸೇರಿದಷ್ಟೂ ಉತ್ತರ ಅಟ್ಲಾಂಟಿಕದ ಉಪ್ಪು ತಗ್ಗುತ್ತದೆ. ಅಲ್ಲಿನ ತಣ್ಣನೆಯ ಉಪ್ಪುನೀರು ಭಾರವಾಗಿ ತಳಕ್ಕಿಳಿಯುವುದರಿಂದಲೇ ಆ ಸಾಗರದ ಮಹಾಪ್ರವಾಹ ನಡೆದಿದೆ. ಅದು ಕುಸಿದರೆ ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿದು ಏಷ್ಯಾದ ಮುಂಗಾರು ಕ್ಷೀಣಿಸಬಹುದೆಂದು ವಿಜ್ಞಾನಿಗಳು ಎಚ್ಚರಿಸಿದ್ದಾರೆ.

ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಸಂಗತಿ. ಬೃಹತ್ ಹಿಮರಾಶಿ ತನ್ನ ಗುರುತ್ವದಿಂದ ಸುತ್ತಲಿನ ಕಡಲನ್ನು ತನ್ನೆಡೆಗೆ ಸೆಳೆದು ಹಿಡಿದಿರುತ್ತದೆ. ಅದು ಕರಗಿದಂತೆ ಆ ಹಿಡಿತ ಸಡಿಲುತ್ತದೆ. ಹೀಗಾಗಿ ಗ್ರೀನ್‌ಲ್ಯಾಂಡಿನ ಹಿಮ ಕರಗಿದರೆ ಅದರ ತೀರದಲ್ಲೇ ನೀರು ಇಳಿಯುತ್ತದೆ; ದೂರದ ಉಷ್ಣವಲಯದಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ. ದೂರವಿದ್ದೇವೆಂಬ ಸಮಾಧಾನವೇ ಇಲ್ಲಿ ಸುಳ್ಳಾಗುತ್ತದೆ.

ಬಂಧುಗಳೆ, ಏಳು ದ್ವೀಪಗಳ ನಡುವಿನ ಕಡಲನ್ನು ತುಂಬಿ ಕಟ್ಟಿದ ಈ ನಗರ ನಮಗೆ ಅನ್ನವಿಟ್ಟಿದೆ. ನಿವೃತ್ತಿಯ ನಂತರ ನಾನು ಊರಿಗೆ ಮರಳಿಯೇನು; ಇಲ್ಲಿಯೇ ಬೆಳೆದ ಮಕ್ಕಳಿಗೆ ಇದೇ ಊರು. ‘ಹೊರನಾಡು’ ಎಂಬುದು ನಮ್ಮ ಮಾತು, ಅವರದಲ್ಲ. ಆದ್ದರಿಂದ ಇಲ್ಲಿನ ಖಾರಿಗಳ ಕಾಂಡ್ಲಾ ಕಾಡು ಉಳಿಯಬೇಕೆ, ತಗ್ಗಿನ ಬಸ್ತಿಗಳವರು ಎಲ್ಲಿಗೆ ಹೋಗಬೇಕು ಎಂಬ ಚರ್ಚೆ ಬಂದಾಗ, ಹೊರಗಿನವರೆಂದು ನಾವು ಸುಮ್ಮನಿರುವುದು ಸಲ್ಲದು. ಕಡಲು ಯಾರ ಮಾತೃಭಾಷೆಯನ್ನೂ ಕೇಳಿ ಏರುವುದಿಲ್ಲ.