ಟೀ ಅಂಗಡಿ ಕ್ಯೂಆರ್ ಕೋಡ್ ಕಂಡ್ರೆ ಟ್ಯಾಕ್ಸ್ ಆಫೀಸಿಗೆ ಯಾಕಿಷ್ಟು ಪ್ರೀತಿ?

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋರಿಗೆ ಒಂದು ಪ್ರಶ್ನೆ. 2025ರ ಜುಲೈ ನೆನಪಿದೆಯಾ? ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಇದ್ದಕ್ಕಿದ್ದಂತೆ ಕ್ಯೂಆರ್ ಕೋಡ್ ಮಾಯ ಆಗಿ, 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನೋ ಚೀಟಿ ಬಂದಿತ್ತಲ್ಲ, ಆ ಟೈಮು.

ಆಗಿದ್ದಿಷ್ಟು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ ಲೆಕ್ಕ ತರಿಸ್ಕೊಂಡು, ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸ್ತು. ಅದೂ 2021-22ರಿಂದ ಹಿಡಿದು ನಾಲ್ಕು ವರ್ಷದ್ದು ಒಟ್ಟಿಗೆ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದಿದ್ದು 29 ಲಕ್ಷದ ನೋಟಿಸ್. ನಾಲ್ಕು ವರ್ಷದ ವಹಿವಾಟು 1.63 ಕೋಟಿ ಅಂತ ಲೆಕ್ಕ. ತಾಜಾ ತರಕಾರಿಗೆ ಜಿಎಸ್‌ಟಿನೇ ಇಲ್ಲ ಸ್ವಾಮಿ!

ಕೋಟಿ ಅಂದ ತಕ್ಷಣ ನಮ್ಮ ಕಣ್ಣು ಅಗಲ ಆಗುತ್ತೆ. ಆದ್ರೆ ಲೆಕ್ಕ ಹಾಕಿ. ಸರಕು ಮಾರೋರಿಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ. ದಿನಕ್ಕೆ ಸುಮಾರು 11 ಸಾವಿರ. ಸಿಗರೇಟು, ಹಾಲು, ಬ್ರೆಡ್ಡು ಮಾರೋ ಅಂಗಡಿಯಲ್ಲಿ ಇದು ದೊಡ್ಡ ವ್ಯಾಪಾರವೇ ಅಲ್ಲ, ಗಲ್ಲಾಕ್ಕೆ ಬಿದ್ದ ದುಡ್ಡಲ್ಲಿ ಹೆಚ್ಚಿನದು ಏಜೆನ್ಸಿಯವರಿಗೆ ವಾಪಸ್ ಹೋಗುತ್ತೆ. ಕೂತು ತಿನ್ನೋ ಹೋಟೆಲ್ಲು ಸೇವೆ ಲೆಕ್ಕಕ್ಕೆ ಬರುತ್ತೆ, ಅಲ್ಲಿ ಮಿತಿ 20 ಲಕ್ಷ. 15 ರೂಪಾಯಿ ಟೀ ದಿನಕ್ಕೆ 365 ಮಾರಿದ್ರೆ ಮುಗೀತು, ನೀವು ಗಡಿ ಮುಟ್ಟಿದ್ರಿ.

ಯುಪಿಐಗೆ ಕಾಣೋದು ಒಳಗೆ ಬಂದ ದುಡ್ಡು ಮಾತ್ರ. ಅದರಲ್ಲಿ ಲಾಭ ಎಷ್ಟು, ತೆರಿಗೆ ಇಲ್ಲದ ಹಾಲಿನ ದುಡ್ಡು ಎಷ್ಟು, ತಂಗಿ ವಾಪಸ್ ಕೊಟ್ಟ ಕೈಸಾಲ ಎಷ್ಟು, ಏನೂ ಗೊತ್ತಾಗಲ್ಲ. ದೊಡ್ಡವರಿಗೆ ಇದನ್ನೆಲ್ಲ ಬಿಡಿಸಿ ಹೇಳೋಕೆ ಸಿಎ ಇರ್ತಾರೆ. ಬೇಕರಿ ಅಣ್ಣನಿಗೆ ಯಾರಿದಾರೆ?

ಹಾಗಂತ ತೆರಿಗೆನೇ ಬೇಡ ಅಂತ ನಾನು ಹೇಳ್ತಿಲ್ಲ. ಪಕ್ಕದ ಅಂಗಡಿಯವನು ನೋಂದಣಿ ಮಾಡಿಸಿ ಕಟ್ಟುತ್ತಿದ್ರೆ, ಇವನೊಬ್ಬ ಕಟ್ಟದೇ ಇರೋದು ಅನ್ಯಾಯಾನೇ. ನನ್ನ ತಕರಾರು ಬೇರೆ. ಸೈಟು ಕೊಳ್ಳೋಕೆ ಹೋದ್ರೆ 'ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು' ಅಂತ ಇವತ್ತಿಗೂ ರಾಜಾರೋಷವಾಗಿ ಕೇಳ್ತಾರೆ. ಆ ಲಕ್ಷಗಳು ಯಾವ ಸರ್ವರ್‌ನಲ್ಲೂ ಇಲ್ಲ. 15 ರೂಪಾಯಿ ಟೀ ಮಾತ್ರ ಸೆಕೆಂಡ್ ಸಮೇತ ದಾಖಲಾಗಿದೆ. ಡಿಜಿಟಲ್ ಆಗಿ ಅಂತ ವರ್ಷಗಟ್ಟಲೆ ಬೆನ್ನು ತಟ್ಟಿ, ಆದವರನ್ನೇ ಮೊದಲು ಹಿಡಿಯೋದಾ?

ಇನ್ನು ರಾಜಕೀಯ. ರಾಜ್ಯದ ನಾಯಕರು 'ಜಿಎಸ್‌ಟಿ ಕೇಂದ್ರದ್ದು' ಅಂದ್ರು. ಕೇಂದ್ರ ಸಚಿವ ಪ್ರಲ್ಹಾದ ಜೋಶಿ 'ನೋಟಿಸ್ ಕೊಟ್ಟಿದ್ದು ರಾಜ್ಯದ ಅಧಿಕಾರಿಗಳು' ಅಂದ್ರು. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಅಂದ್ಮೇಲೆ, 23ರಂದು ಸಿಎಂ ಸಿದ್ದರಾಮಯ್ಯ ಸಭೆ ಕರೆದ್ರು. ಹಳೇ ಬಾಕಿ ವಸೂಲಿ ಮಾಡಲ್ಲ, ಆದ್ರೆ ನೋಂದಣಿ ಮಾಡಿಸ್ಕೊಳ್ಳಿ ಅಂದ್ರು. ಇದನ್ನ ನೋಟಿಸ್‌ಗಿಂತ ಮುಂಚೆ ಬೀದಿ ಬೀದಿಗೆ ಬಂದು ಹೇಳಿದ್ರೆ ಏನಾಗ್ತಿತ್ತು?

ನಿಮಗೆ ಗೊತ್ತಿರೋ ಅಂಗಡಿಯವರಿಗೆ ಒಂದು ಮಾತು ತಲುಪಿಸಿ. 1.5 ಕೋಟಿವರೆಗಿನ ವ್ಯಾಪಾರಕ್ಕೆ ಕಾಂಪೊಸಿಷನ್ ಸ್ಕೀಮ್ ಇದೆ, ವ್ಯಾಪಾರಿಗಳಿಗೆ ತೆರಿಗೆ 1 ಪರ್ಸೆಂಟ್, ಸಣ್ಣ ಹೋಟೆಲ್‌ಗೆ 5. ಮೂರು ತಿಂಗಳಿಗೊಮ್ಮೆ ಕಟ್ಟಬೇಕು, ಗಿರಾಕಿ ಹತ್ರ ಅದನ್ನ ಬೇರೆಯಾಗಿ ವಸೂಲಿ ಮಾಡೋ ಹಾಗಿಲ್ಲ. ಮತ್ತೆ ಖರೀದಿ ಬಿಲ್ಲುಗಳನ್ನ ಬಿಸಾಕಬೇಡಿ ಅಂತ ಹೇಳಿ, ಅದೊಂದೇ ಅವರ ಕಡೆಯ ಸಾಕ್ಷಿ.