ಅಕ್ಕಿಯ ಕರಾರಿನೊಳಗೊಂದು ಇಗರ್ಜಿ



ಕೆಳದಿ ಅರಸರೆಂದರೆ ನಮಗೆ ನೆನಪಾಗುವುದು ಇಕ್ಕೇರಿಯ ಅಘೋರೇಶ್ವರ, ಬಿದನೂರಿನ ಕೋಟೆ, ಶಿವಪ್ಪನಾಯಕನ ಶಿಸ್ತು. ಆದರೆ ಈ ಮಲೆನಾಡ ರಾಜ್ಯಕ್ಕೆ ಬಲ ಬಂದದ್ದು ಘಟ್ಟದ ಕೆಳಗಿನ ಬಂದರುಗಳಿಂದ. ಭಟ್ಕಳದಲ್ಲಿ ನವಾಯತ ಮುಸ್ಲಿಮರು, ಬಸರೂರಿನಲ್ಲಿ ಕೊಂಕಣಿ ವರ್ತಕರು, ಹೊನ್ನಾವರದಿಂದ ಮಂಗಳೂರಿನವರೆಗೆ ಗೋವೆಯಿಂದ ಬಂದು ನೆಲೆನಿಂತ ಕೊಂಕಣಿ ಕ್ರೈಸ್ತರು. ಇವತ್ತು ಹೇಳಹೊರಟಿರುವುದು ಈ ಕ್ರೈಸ್ತರ ವಿಚಾರ.

ಗೋವೆಯಲ್ಲಿ 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಶುರುವಾಯಿತು. ಮತಾಂತರವಾದ ಮೇಲೂ ಹಳೆಯ ಆಚಾರ ಬಿಡದವರಿಗೆ ಅದರ ಭಯ. ಜೊತೆಗೆ ಬರ, ಯುದ್ಧ. ಅನೇಕ ಕುಟುಂಬಗಳು ತೆಂಕಣಕ್ಕೆ ಸರಿದವು. ಇಲ್ಲಿ ಬೀಳುಬಿದ್ದ ನೆಲವಿತ್ತು. ಬಂದವರು ಬೇಸಾಯ ಬಲ್ಲವರು. ಕೆಳದಿಯ ನಾಯಕರಿಗೂ ಗೆಯ್ಯುವ ಕೈ ಬೇಕಿತ್ತು.

ಗೋವೆಯನ್ನಾಳುತ್ತಿದ್ದ ಪೋರ್ಚುಗೀಸರಿಗಂತೂ ನಮ್ಮ ಕರಾವಳಿಯ ಅಕ್ಕಿ ಇಲ್ಲದೆ ಅಲ್ಲಿ ಒಲೆ ಉರಿಯುವುದು ಕಷ್ಟವಾಗಿತ್ತು. ಮೆಣಸೂ ಬೇಕು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ಗೇರುಸೊಪ್ಪೆ ಹಾದು ಘಟ್ಟ ಹತ್ತಿ ಇಕ್ಕೇರಿಗೆ ಬಂದದ್ದು ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲೇ. ಆಗ ಆಳುತ್ತಿದ್ದವನು ವೆಂಕಟಪ್ಪನಾಯಕ. ಮುಂದೆ 1650ರ ದಶಕದಲ್ಲಿ ಶಿವಪ್ಪನಾಯಕ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡ. ಕೋಟೆ ಹೋಯಿತು, ಅಕ್ಕಿಯ ಹಂಗು ಹೋಗಲಿಲ್ಲ.

ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರಲ್ಲಿ, ಅವರೊಂದಿಗೆ ಒಂದು ಒಪ್ಪಂದವಾಯಿತು. ಮಂಗಳೂರಿನಲ್ಲಿ ಪೋರ್ಚುಗೀಸರ ಕೋಠಿಗೆ ಅನುಮತಿ. ಅದರೊಟ್ಟಿಗೇ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ತನ್ನ ಹುಟ್ಟನ್ನು ಆ ವರ್ಷದಿಂದಲೇ ಎಣಿಸುತ್ತದೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರುಹಾಕಿಕೊಂಡ ಚೆನ್ನಮ್ಮಾಜಿಯನ್ನು ನಾವು ಕೊಂಡಾಡುತ್ತೇವೆ, ಕೊಂಡಾಡಲೇಬೇಕು. ಈ ಅನುಮತಿಯನ್ನೂ ಅದೇ ಉಸಿರಿನಲ್ಲಿ ಹೇಳಬೇಕೆಂಬುದು ನನ್ನ ಆಸೆ. ವ್ಯಾಪಾರದ ಲೆಕ್ಕ ಅದರಲ್ಲಿತ್ತು, ನಿಜ. ಆದರೂ ಪರವೂರಿನಿಂದ ಬಂದವರಿಗೆ ದೇವರ ಮನೆ ಕಟ್ಟಿಕೊಳ್ಳುವ ನೆಲ ಸಿಕ್ಕಿತಲ್ಲ, ಅದೇನು ಸಣ್ಣ ಮಾತಲ್ಲ.

ಮುಂದೆ ಪೋರ್ಚುಗೀಸರೊಂದಿಗೆ ಆದ 1714ರ ಒಪ್ಪಂದದ ಬಗ್ಗೆ ಮಾತ್ರ ನನಗೆ ಸಂಕಟವಿದೆ. ಹಿಂದಿನ ವರ್ಷ ಪೋರ್ಚುಗೀಸ್ ನೌಕಾಪಡೆ ನಮ್ಮ ಬಂದರುಗಳನ್ನು ಸುಟ್ಟಿತ್ತು. ಆ ಬಲದ ಮೇಲೆ ಇಲ್ಲಿನ ಕ್ರೈಸ್ತರ ಮೇಲಿನ ಅಧಿಕಾರವನ್ನು ಅವರು ತಮ್ಮ ಪಾದ್ರಿಗಳಿಗೆ ಬರೆಸಿಕೊಂಡರು. ಗೋವೆಯ ಕಟ್ಟುಪಾಡಿಗೆ ಅಂಜಿ ಓಡಿಬಂದವರ ಮಕ್ಕಳು ಮತ್ತೆ ಗೋವೆಯ ಕೈಗೇ ಸಿಕ್ಕರು. ನಾಡಿನ ಗದ್ದೆಯಲ್ಲಿ ದುಡಿಯುತ್ತಿದ್ದವರನ್ನು ಪರದೇಶಿಗಳ ಕಡೆಯವರೆಂದು ನೋಡುವುದಕ್ಕೂ ಇಂಥದ್ದೇ ದಾರಿಯಾಯಿತು.

1763ರಲ್ಲಿ ಬಿದನೂರು ಮೈಸೂರಿನ ಹೈದರಾಲಿಯ ವಶವಾಯಿತು. 1784ರಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. 1799ರಲ್ಲಿ ಟಿಪ್ಪು ಮಡಿದ ನಂತರ ಬದುಕುಳಿದವರು ಕರಾವಳಿಗೆ ಮರಳಿ ಮೊದಲಿನಿಂದ ಬಾಳು ಕಟ್ಟಿದರು. ಅವರ ಮನೆಮಾತು ಕೊಂಕಣಿಯಾಗಿಯೇ ಉಳಿಯಿತು. 1912ರಲ್ಲಿ ಮಂಗಳೂರಿನಿಂದ ಹೊರಟ ಅವರ ಪತ್ರಿಕೆ ‘ಕೊಂಕ್ಣಿ ದಿರ್ವೆಂ’ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ.